ಲಿಯೋನಿನ ರಟ್ಟು, ಗುಳೇದಗುಡ್ಡದ ಖಣ

ಅರಭಾವಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಉಡಿ ತುಂಬಬೇಕೆಂದರೆ ಅಕ್ಕಿ, ಕೊಬ್ಬರಿ, ಅರಿಶಿಣ ಕೊಂಬಿನ ಜೊತೆ ಖಣ ಇರಲೇಬೇಕು. ಅದರಲ್ಲೂ ಹೆಸರಾದದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ. ರೇಷ್ಮೆಯ ಹಾಸಿಗೆ ಹತ್ತಿಯ ಹೊಕ್ಕು ಹೊಡೆದು ತೇರು, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟಗಳನ್ನು ಎಬ್ಬಿಸುವುದು ಅಲ್ಲಿನ ಕುಣಿಮಗ್ಗದ ಹಳೆಯ ಕಸುಬು. ಮಗ್ಗದ ತಲೆಯ ಮೇಲೆ ಕೂತಿರುವ ಜಕಾರ್ಡ್ ಮಾತ್ರ ಫ್ರಾನ್ಸಿನ ಲಿಯೋನ್ ಪಟ್ಟಣದ್ದು.

ಬುಟ್ಟಾ ಮೂಡಬೇಕಾದರೆ ಪ್ರತಿ ಹೊಕ್ಕಿಗೂ ಹಾಸಿನ ಬೇರೆ ಬೇರೆ ಎಳೆಗಳು ಮೇಲೇಳಬೇಕು. ಲಿಯೋನಿನ ರೇಷ್ಮೆ ಮಗ್ಗಗಳಲ್ಲಿ ಇದಕ್ಕೆಂದೇ ಒಬ್ಬ ಆಳು, ಬಹಳ ಸಲ ಒಂದು ಮಗು, ಮಗ್ಗದ ಪಕ್ಕ ನಿಂತು ದಾರ ಜಗ್ಗಬೇಕಿತ್ತು. 1725ರಲ್ಲಿ ಬಾಸಿಲ್ ಬೂಶೋನ್ ತೂತು ಹೊಡೆದ ಕಾಗದದ ಸುರುಳಿಗೆ ಆ ಕೆಲಸ ಒಪ್ಪಿಸಲು ನೋಡಿದ. ಫಾಲ್ಕೋನ್ ಕಾಗದದ ಬದಲು ರಟ್ಟು ತಂದ, ವೋಕಾನ್ಸನ್ ಯಂತ್ರವನ್ನು ಮಗ್ಗದ ನೆತ್ತಿಗೇರಿಸಿದ. ಇವೆಲ್ಲವನ್ನೂ ಕೂಡಿಸಿ 1804ರ ಹೊತ್ತಿಗೆ ಬಳಕೆಗೆ ಒಗ್ಗಿಸಿದವನು ನೇಕಾರರ ಮಗ ಜೋಸೆಫ್ ಮರೀ ಜಕಾರ್ಡ್. ಹೊಟ್ಟೆಪಾಡಿಗೆ ಕುತ್ತು ಬಂತೆಂದು ನೇಕಾರರು ಅವನ ಮೇಲೆ ಸಿಟ್ಟಾದರು.

ಯಂತ್ರದ ಲೆಕ್ಕ ಸರಳ. ಒಂದು ಹೊಕ್ಕಿಗೆ ಒಂದು ರಟ್ಟು. ತೂತಿದ್ದಲ್ಲಿ ಸೂಜಿ ಒಳಹೊಕ್ಕು ಅದರ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಹೊಲಿದು ಮಾಲೆ ಮಾಡಿದ ರಟ್ಟುಗಳು ಒಂದು ಸುತ್ತು ಮುಗಿಸಿದರೆ ಒಂದು ಚಿತ್ತಾರ ಮುಗಿದಂತೆ. 1839ರಲ್ಲಿ ಲಿಯೋನಿನಲ್ಲಿ ಜಕಾರ್ಡನದೇ ಚಿತ್ರವನ್ನು ಸುಮಾರು 24,000 ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿಯನ್ನು ಮನೆಯಲ್ಲಿ ತೂಗುಹಾಕಿಕೊಂಡಿದ್ದ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್, ತಾನು ಯೋಜಿಸಿದ ಗಣಕಯಂತ್ರಕ್ಕೂ ತೂತಿನ ರಟ್ಟನ್ನೇ ಆರಿಸಿಕೊಂಡಿದ್ದ.

ನಮ್ಮ ಖಣದ ಮಗ್ಗಗಳಲ್ಲಿ ಸಣ್ಣ ಬುಟ್ಟಾಗೆ ಡಾಬಿ ಎಂಬ ಸರಳ ಸಾಧನ, ದೊಡ್ಡದಕ್ಕೆ ಜಕಾರ್ಡ್ ನಡೆಯುತ್ತದೆ. ಇದರಿಂದ ನೇಕಾರನ ದುಡಿಮೆ ಹಗುರಾಯಿತು. ಆದರೆ ಕೈಯಲ್ಲಿದ್ದ ಚಿತ್ತಾರ ರಟ್ಟಿಗಿಳಿದ ಮೇಲೆ, ಆ ರಟ್ಟು ಯಾವ ಮಗ್ಗವನ್ನಾದರೂ ಏರಬಹುದು. ಪವರ್‌ಲೂಮ್ ಅದೇ ತೇರನ್ನು ಕೃತಕ ರೇಷ್ಮೆಯಲ್ಲಿ ಬೇಗ ನೇಯ್ದು ಅಗ್ಗಕ್ಕೆ ಮಾರುತ್ತದೆ. ಗುಳೇದಗುಡ್ಡದ ಖಣಕ್ಕೆ ಸಿಕ್ಕಿರುವ ಭೌಗೋಳಿಕ ಸೂಚಿ ಕಾಯುವುದು ಹೆಸರನ್ನು. ಕೂಲಿಯನ್ನು ಕಾಯಬೇಕಾದವರು ಕೊಳ್ಳುವವರೇ. ಉಡಿಗೆ ಖಣ ತರುವಾಗ ಬಣ್ಣದ ಜೊತೆಗೆ ಮಗ್ಗ ಯಾವುದೆಂದೂ ವಿಚಾರಿಸುವುದು ಅದಕ್ಕೇ ಅಗತ್ಯ.