ಉಂಡು ಮಲಗಿದರೂ ಮುಗಿಯದ ಜಗಳ, ಮತ್ತು ನಿಮ್ಮ ವಾರ್ಡಿನ ಓಟು

ಗ್ರಾಮ ಪಂಚಾಯಿತಿ ಚುನಾವಣೆ ಬಂತು ಅಂದ್ರೆ ಮನೆಬಾಗಿಲಿಗೆ ಕರಪತ್ರಗಳು ಬರುತ್ತವೆ. ಚರಂಡಿ, ಬೀದಿದೀಪ, ಸಿಸಿ ರಸ್ತೆ, ಕುಡಿಯುವ ನೀರು, ಸ್ಮಶಾನಕ್ಕೆ ಜಾಗ. ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಇರುತ್ತೆ: ‘ನೊಂದ ಮಹಿಳೆಯರಿಗೆ ಆಸರೆ’. ಆ ಸಾಲನ್ನು ಬರೆದವರೂ ಗಂಭೀರವಾಗಿ ತಗೊಂಡಿರಲ್ಲ, ಓದಿದವರೂ ತಗೊಳಲ್ಲ. ರಸ್ತೆ ಆಗಿಲ್ಲ ಅಂದ್ರೆ ಐದು ವರ್ಷ ಬಿಟ್ಟು ಕೇಳ್ತೀವಿ. ಆಸರೆ ಕೊಟ್ಟೆಯಾ ಅಂತ ಯಾರೂ ಕೇಳಲ್ಲ. ನಾನು ಇವತ್ತು ಮಾತಾಡೋದು ಆ ಕೊನೆಯ ಸಾಲಿನ ಬಗ್ಗೆ ಮಾತ್ರ.

ಮೊದಲು ಒಂದು ಅಂಕಿ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ. 44.4ರಷ್ಟು ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29ರ ಆಸುಪಾಸು. ಅಂದ್ರೆ ಆ ಸಮೀಕ್ಷೆಯಲ್ಲಿ ಇಡೀ ದೇಶಕ್ಕೆ ಮೊದಲ ಸ್ಥಾನ ನಮ್ಮದು. ಐಟಿಯಲ್ಲಿ ಮೊದಲು, ಸ್ಟಾರ್ಟಪ್‌ನಲ್ಲಿ ಮೊದಲು ಅಂತ ಎದೆತಟ್ಟಿಕೊಳ್ಳುವ ನಾವು ಇದನ್ನೂ ನೆನಪಿಟ್ಟುಕೊಳ್ಳಬೇಕು. ಹಿಂದಿನ ಸಮೀಕ್ಷೆಯಲ್ಲಿ ಇದೇ ಅಂಕಿ ಶೇ. 20.6 ಇತ್ತು. ಹೊಡೆತ ಹೆಚ್ಚಾಯ್ತಾ, ಅಥವಾ ಹೇಳಿಕೊಳ್ಳುವ ಧೈರ್ಯ ಹೆಚ್ಚಾಯ್ತಾ ಅನ್ನೋದು ಚರ್ಚೆಯ ವಿಷಯ. ಆದರೆ ನೂರು ಮನೆಯ ಊರಿನಲ್ಲಿ ನಲವತ್ತು ಮನೆಯ ಕಥೆ ಇದು ಅನ್ನೋದ್ರಲ್ಲಿ ಚರ್ಚೆ ಏನಿದೆ?

ಅದಕ್ಕಿಂತ ನೋವಿನ ಇನ್ನೊಂದು ಅಂಕಿ ಅದೇ ಸಮೀಕ್ಷೆಯಲ್ಲಿದೆ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ತವರಿನವರಿಗೂ ಹೇಳಿಲ್ಲ. ಯಾಕೆ ಹೇಳ್ತಾರೆ ಹೇಳಿ? ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಗಾದೆ ಮಾಡಿ ಕೈತೊಳೆದುಕೊಂಡ ಸಮಾಜ ನಮ್ಮದು.

ಹಾಗಾದ್ರೆ ಕಾನೂನು ಇಲ್ವಾ? ಇದೆ. ಚೆನ್ನಾಗಿಯೇ ಇದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ದೂರು ಕೊಟ್ಟ ಕೂಡಲೇ ಗಂಡ ಜೈಲಿಗೆ ಹೋಗ್ತಾನೆ, ಸಂಸಾರ ಮುಗೀತು ಅಂತ ಹೆದರಿ ಎಷ್ಟೋ ಹೆಣ್ಣುಮಕ್ಕಳು ಸುಮ್ಮನಾಗ್ತಾರೆ. ಜೈಲಿನ ಕಾನೂನು ಬೇರೆ. ಅದು ಹಿಂದೆ 498ಎ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ನಾನು ಹೇಳ್ತಿರೋ 2005ರ ಕಾಯ್ದೆ ಮುಖ್ಯವಾಗಿ ಪರಿಹಾರ ಕೊಡೋದಕ್ಕೆ ಇರೋದು. ಹೊಡೀಬೇಡ ಅಂತ ರಕ್ಷಣಾ ಆದೇಶ. ಮನೆಯಿಂದ ಹೊರಗೆ ಹಾಕಬೇಡ ಅಂತ ವಾಸದ ಆದೇಶ. ಖರ್ಚಿಗೆ ಹಣ. ಮಕ್ಕಳ ತಾತ್ಕಾಲಿಕ ಸುಪರ್ದಿ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೈಗುಳ, ಅವಮಾನ, ದುಡಿದ ಕೂಲಿ ಕಿತ್ತುಕೊಳ್ಳೋದು, ಮನೆ ಖರ್ಚಿಗೆ ಕೊಡದೇ ಇರೋದು, ಇವೂ ಈ ಕಾಯ್ದೆಯಲ್ಲಿ ಹಿಂಸೆಯೇ.

‘ಮನೆ ನನ್ನಪ್ಪನ ಹೆಸರಲ್ಲಿದೆ, ನಡಿ ಆಚೆಗೆ’ ಅನ್ನೋ ಮಾತು ಹಳ್ಳಿಯಲ್ಲಿ ದಿನಾ ಕೇಳ್ತೀವಿ. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ, ಸೊಸೆ ಅಲ್ಲಿ ಸಂಸಾರ ಮಾಡಿಕೊಂಡು ನೆಲೆಸಿದ್ದರೆ ಅಲ್ಲಿ ವಾಸಿಸುವ ಹಕ್ಕನ್ನು ಕೇಳಬಹುದು. ಅದು ಮನೆಯ ಮಾಲೀಕತ್ವ ಅಲ್ಲ, ವಾಸದ ಹಕ್ಕು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಮಗು ಎತ್ತಿಕೊಂಡು ಬೀದಿಯಲ್ಲಿ ನಿಂತವಳಿಗೆ ಆ ಹಕ್ಕಿನ ಬೆಲೆ ಏನು ಅಂತ ಅವಳಿಗೇ ಗೊತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಬಲ್ಬ್ ಉರೀತಿಲ್ಲ ಅಂದ್ರೆ ಬಲ್ಬ್ ಬದಲಾಯಿಸೋಕೆ ಮುಂಚೆ ವೈರ್ ಎಲ್ಲಿ ಕಟ್ ಆಗಿದೆ ನೋಡು ಅಂತ ಅಲ್ಲಿ ಹೇಳಿಕೊಡ್ತಾರೆ. ಇಲ್ಲೂ ಹಾಗೇ ನೋಡೋಣ. ಈ ಕಾಯ್ದೆಯಲ್ಲಿ ‘ಸಂರಕ್ಷಣಾಧಿಕಾರಿ’ ಅಂತ ಒಬ್ಬರಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದ್ರೆ ಸಿಡಿಪಿಒಗಳು, ಈ ಕೆಲಸ ಮಾಡ್ತಾರೆ. ತಾಲ್ಲೂಕಿನ ಅಂಗನವಾಡಿಗಳ ಹೊಣೆಯೂ ಅವರದ್ದೇ. ನಡೆದದ್ದನ್ನೆಲ್ಲ ಬರೆದು ವರದಿ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸೋದು, ವೈದ್ಯಕೀಯ ಸಹಾಯ, ಆಶ್ರಯ, ಉಚಿತ ವಕೀಲರು, ಇವೆಲ್ಲ ಸಿಗುವಂತೆ ನೋಡೋದು ಅವರ ಕೆಲಸ. 181 ಮಹಿಳಾ ಸಹಾಯವಾಣಿ ಇದೆ. ತುರ್ತಿಗೆ 112 ಇದೆ. ಸಾಂತ್ವನ ಕೇಂದ್ರ, ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಅದರ ನಂಬರ್ 15100. 2023ರಿಂದ ಸರ್ಕಾರಿ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿಬರೋದಕ್ಕೂ ದುಡ್ಡು ಬೇಡ.

ಹಾಗಾದ್ರೆ ವೈರ್ ಕಟ್ ಆಗಿರೋದು ಎಲ್ಲಿ? ಅವಳ ಮನೆಗೂ ಬಸ್ ಸ್ಟಾಪಿಗೂ ನಡುವೆ. ಆ ನಡುವೆ ನಿಂತಿರೋ ವ್ಯಕ್ತಿಯೇ ನಿಮ್ಮ ವಾರ್ಡ್ ಸದಸ್ಯ.

ಕರ್ನಾಟಕದಲ್ಲಿ ಸುಮಾರು 400 ಜನರಿಗೆ ಒಬ್ಬ ಪಂಚಾಯಿತಿ ಸದಸ್ಯ. ಶಾಸಕರನ್ನು ಕಾಣಬೇಕಾದರೆ ಕಾಯಬೇಕು, ಸದಸ್ಯರ ಮನೆ ಬಾಗಿಲು ತಟ್ಟಬಹುದು. ಯಾರ ಮನೆಯಲ್ಲಿ ರಾತ್ರಿ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ. ಕಾಯ್ದೆಯ 4ನೇ ಕಲಂ ಏನು ಹೇಳುತ್ತೆ ಗೊತ್ತಾ? ಹಿಂಸೆ ನಡೀತಿದೆ ಅಂತ ನಂಬೋಕೆ ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಪ್ರಾಮಾಣಿಕವಾಗಿ ಕೊಟ್ಟಿದ್ದರೆ ಕೊಟ್ಟವರ ಮೇಲೆ ಕೇಸ್ ಹಾಕೋ ಹಾಗಿಲ್ಲ. ಇದರ ಜೊತೆಗೆ ಪ್ರತಿ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದಿದೆ. ಮಹಿಳೆಯರ, ಮಕ್ಕಳ ಕ್ಷೇಮ ನೋಡೋದು ಕಾನೂನಿನ ಪ್ರಕಾರವೇ ಅದರ ಕೆಲಸ. ನಿಮ್ಮೂರಲ್ಲಿ ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು, ಕೇಳಿ ನೋಡಿ.

ಆದರೆ ಈಗ ನಡೆಯೋದೇ ಬೇರೆ. ಹೆಣ್ಣುಮಗಳು ಬಂದು ಅತ್ತಳು ಅಂದ್ರೆ ಅರಳಿಕಟ್ಟೆ ಮೇಲೆ ನಾಲ್ಕು ಜನ ಹಿರಿಯರು ಸೇರ್ತಾರೆ. ಗಂಡನಿಗೆ ಎರಡು ಮಾತು ಬೈತಾರೆ. ‘ಮಕ್ಕಳ ಮುಖ ನೋಡವ್ವಾ, ಹೋಗು, ಮನೆಗೆ ಹೋಗು’ ಅಂತ ಇವಳಿಗೆ ಹೇಳ್ತಾರೆ. ಒಂದು ಪತ್ರ ಬರೆಸಿ ಇಬ್ಬರ ಹೆಬ್ಬೆಟ್ಟು ಒತ್ತಿಸ್ತಾರೆ. ರಾಜಿ ಆಯ್ತು. ಅವತ್ತು ರಾತ್ರಿ ಬೀಳೋ ಏಟು ಎರಡು ಪಟ್ಟು, ಯಾಕಂದ್ರೆ ಊರ ಮುಂದೆ ಮಾನ ತೆಗೆದಳಲ್ಲ. ಅಲ್ಲಿ ಕೂತವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಸಂಸಾರ ಉಳಿಸೋಣ ಅನ್ನೋ ಒಳ್ಳೆ ಮನಸ್ಸೇ ಇರಬಹುದು. ಆದರೆ ಆ ಪತ್ರಕ್ಕೆ ರಕ್ಷಣಾ ಆದೇಶದ ಬಲ ಇಲ್ಲ. ಗಂಡ ಅದನ್ನು ಮುರಿದರೆ ಯಾವ ಪೊಲೀಸೂ ಬರಲ್ಲ. ಸದಸ್ಯನಿಗೆ ತೀರ್ಪು ಕೊಡುವ ಅಧಿಕಾರವೂ ಇಲ್ಲ, ಆ ಕೆಲಸವೂ ಅವನದಲ್ಲ. ಅವಳನ್ನು ಸರಿಯಾದ ಬಾಗಿಲಿಗೆ ಮುಟ್ಟಿಸೋದು ಅವನ ಕೆಲಸ.

ಮುಟ್ಟಿಸಿದ ಮೇಲೂ ಕೆಲಸ ಇದೆ. ಕಾಯ್ದೆಯ ಪ್ರಕಾರ ಅರ್ಜಿ ಬಂದ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು. ಕೋರ್ಟುಗಳಲ್ಲಿ ತಿಂಗಳುಗಟ್ಟಲೆ ಎಳೆಯೋದು ನಮಗೆಲ್ಲ ಗೊತ್ತಿರೋದೇ. ಅಲ್ಲಿಯವರೆಗೆ ಅವಳು ತಿನ್ನೋದು ಏನು? ರೇಷನ್ ಕಾರ್ಡ್ ಗಂಡನ ಮನೆಯಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ, ಅಂದ್ರೆ ಎಷ್ಟೋ ಮನೆಗಳಲ್ಲಿ ಅತ್ತೆಗೆ. ಮಗುವಿನ ಆಧಾರ್, ಶಾಲೆಯ ಕಾಗದ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಆ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಕಾಗದ ಇಲ್ಲದ ಹೆಂಗಸು ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ವಾಸದ ದೃಢೀಕರಣ, ಉದ್ಯೋಗ ಖಾತ್ರಿ ಕೆಲಸ, ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು, ಇವೆಲ್ಲ ಪಂಚಾಯಿತಿ ಮೇಜಿನ ಮೇಲೆ ಹಾದುಹೋಗುವ ವಿಷಯಗಳು. ಒಬ್ಬ ಸದಸ್ಯ ಮನಸ್ಸು ಮಾಡಿ ಪಿಡಿಒ ಹತ್ತಿರ ಅವಳ ಪರವಾಗಿ ಕೂತರೆ ಆಗುವ ಕೆಲಸ ಇದು. ಕರಪತ್ರದ ‘ಆಸರೆ’ ಅನ್ನೋ ಪದಕ್ಕೆ ಅರ್ಥ ಬರೋದು ಇಲ್ಲಿ.

ಇನ್ನು ಪ್ರಚಾರದ ಮಾತು. ಬೆಳಿಗ್ಗೆ ಮನೆಮನೆಗೆ ಹೋಗಿ ಅಕ್ಕಂದಿರ ಕೈಮುಗಿದು, ರಾತ್ರಿ ಅವರ ಗಂಡಂದಿರಿಗೆ ಪ್ಯಾಕೆಟ್ ಹಂಚೋದು ನಮ್ಮ ಊರುಗಳ ಚುನಾವಣೆಯಲ್ಲಿ ಗುಟ್ಟೇನಲ್ಲ. ಆ ಪ್ಯಾಕೆಟ್ ಕುಡಿದವನು ಅಭ್ಯರ್ಥಿಯ ಮನೆಗೆ ಹೋಗಿ ಹೊಡೆಯಲ್ಲ, ಸ್ವಂತ ಮನೆಗೆ ಹೋಗ್ತಾನೆ. ಹಿಂಸೆಯ ವಿರುದ್ಧ ನಿಂತಿದ್ದೀನಿ ಅನ್ನೋ ಅಭ್ಯರ್ಥಿಗೆ ಮೊದಲ ಪರೀಕ್ಷೆ ಅವನ ಪ್ರಚಾರದ ಖರ್ಚಿನಲ್ಲೇ ಇದೆ.

ಎರಡನೇ ಪರೀಕ್ಷೆ ಮಹಿಳಾ ಅಭ್ಯರ್ಥಿಗಳ ಮನೆಯವರಿಗೆ. 1987ರ ಚುನಾವಣೆಯಲ್ಲೇ ಕರ್ನಾಟಕ ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಕೊಟ್ಟಿತ್ತು, ಸಂವಿಧಾನದ ತಿದ್ದುಪಡಿ ಬರೋದಕ್ಕೂ ಮೊದಲು. ಈಗ ಅದು ಶೇ. 50. ಆದರೆ ಗೆದ್ದವರು ಹೆಂಡತಿ, ಪಂಚಾಯಿತಿಯಲ್ಲಿ ಕೂರೋದು ಗಂಡ. ಹೊಡೆತ ತಿಂದ ಹೆಣ್ಣುಮಗಳು ‘ಅಕ್ಕಾ’ ಅಂತ ಸದಸ್ಯೆಯ ಮನೆಗೆ ಬಂದಾಗ ಜಗಲಿಯಲ್ಲಿ ಕೂತು ವಿಚಾರಿಸೋದು ಆ ಗಂಡನೇ ಆದರೆ, ಅವಳು ಮೈಮೇಲಿನ ಗಾಯವನ್ನು ಯಾರಿಗೆ ತೋರಿಸಬೇಕು?

ಮೂರನೆಯದು, ನೊಂದವಳನ್ನು ವೇದಿಕೆಗೆ ಕರೆತರೋದು. ಅವಳ ಕೈಗೆ ಸೀರೆ ಕೊಟ್ಟು ಫೋಟೋ ತೆಗೆಸಿ ವಾಟ್ಸಾಪ್‌ನಲ್ಲಿ ಹಾಕೋದು ಆಸರೆ ಅಲ್ಲ. ಅವಳು ಕೇಳಿದರೆ ಕೋರ್ಟ್ ಕೂಡ ವಿಚಾರಣೆಯನ್ನು ಗೌಪ್ಯವಾಗಿ ನಡೆಸಬಹುದು ಅಂತ ಕಾನೂನಿದೆ. ಕೋರ್ಟಿಗೆ ಇರುವ ಮರ್ಯಾದೆ ಅಭ್ಯರ್ಥಿಗೂ ಇರಲಿ, ಕ್ಯಾಮೆರಾ ಹಿಡಿದವರಿಗೂ ಇರಲಿ.

ಹಾಗಾಗಿ ಮುಂದಿನ ಸಲ ಅಭ್ಯರ್ಥಿ ನಿಮ್ಮ ಮನೆಗೆ ಬಂದಾಗ ನೀರು ಕೊಟ್ಟು ಕೂರಿಸಿ, ನಾಲ್ಕೇ ಪ್ರಶ್ನೆ ಕೇಳಿ. ನಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು, ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ? ಗೆದ್ದ ತಿಂಗಳೊಳಗೆ 181 ಅನ್ನೋ ನಂಬರನ್ನು ಅಂಗನವಾಡಿ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಯ ಗೋಡೆ ಮೇಲೆ ಬರೆಸ್ತೀರಾ? ಸಾಮಾಜಿಕ ನ್ಯಾಯ ಸಮಿತಿ ಸಭೆಯನ್ನು ನಿಜವಾಗಿ ಕರೀತೀರಾ? ಹೊಡೆಯೋನು ನಿಮ್ಮದೇ ಪಾರ್ಟಿ ಹುಡುಗ, ನಿಮ್ಮದೇ ಜಾತಿಯವನಾದರೆ ಆಗಲೂ ಅವಳ ಜೊತೆ ತಾಲ್ಲೂಕಿಗೆ ಬರ್ತೀರಾ?

ಮೊದಲ ಮೂರಕ್ಕೆ ಎಲ್ಲರೂ ಹೂಂ ಅಂತಾರೆ. ನಾಲ್ಕನೆಯದಕ್ಕೆ ಉತ್ತರ ಕೊಡುವ ಮುನ್ನ ಅವರ ಮುಖ ನೋಡಿ. ಓಟು ಯಾರಿಗೆ ಅನ್ನೋದನ್ನು ಆಮೇಲೆ ತೀರ್ಮಾನ ಮಾಡಿ.