ಇನ್‌ಬಾಕ್ಸಿನ ಕಾವಲು: ಯಂತ್ರ ಎಲ್ಲಿಯವರೆಗೆ, ಮನುಷ್ಯ ಎಲ್ಲಿಂದ?

ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳು 2013ರಿಂದ 2015ರ ನಡುವೆ ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಒಬ್ಬ ವಂಚಕನ ಖಾತೆಗಳಿಗೆ ಕಟ್ಟಿದವು. ಇವೆರಡಕ್ಕೂ ಯಂತ್ರಾಂಶ ಪೂರೈಸುತ್ತಿದ್ದದ್ದು ತೈವಾನಿನ ಕ್ವಾಂಟಾ ಕಂಪ್ಯೂಟರ್. ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಸ್ ಎಂಬಾತ ಅದೇ ಹೆಸರಿನಲ್ಲಿ ಲಾಟ್ವಿಯಾದಲ್ಲಿ ಇನ್ನೊಂದು ಕಂಪನಿ ನೋಂದಾಯಿಸಿದ. ಇಮೇಲ್‌ನಲ್ಲಿ ಸುಳ್ಳು ಇನ್‌ವಾಯ್ಸ್‌ಗಳನ್ನು ಕಳಿಸಿದ. ಹಣ ಬಂತು. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷ ಸಜೆ ವಿಧಿಸಿತು.

ಅಷ್ಟು ದೊಡ್ಡ ಕಂಪನಿಗಳ ಗತಿಯೇ ಹೀಗಾದರೆ ಬೆಂಗಳೂರಿನ ಪೀಣ್ಯದ ಹತ್ತು ಜನರ ವರ್ಕ್‌ಶಾಪಿನ ಪಾಡೇನು? ಅಲ್ಲಿ ಆರ್ಡರ್ ನೋಡುವವರು, ಜಿಎಸ್‌ಟಿ ತುಂಬುವವರು, ಬಿಲ್ ಪಾವತಿಸುವವರು ಎಲ್ಲ ಒಬ್ಬರೇ. ಲೆಕ್ಕಪತ್ರದ ಟ್ಯಾಲಿ ಇರುವ ಕಂಪ್ಯೂಟರಿನಲ್ಲೇ ಇಮೇಲ್ ತೆರೆಯುತ್ತದೆ. ಆ ಒಂದು ಕಂಪ್ಯೂಟರಿನ ಮುಂದೆ ನಿಂತ ಕಾವಲುಗಾರನೇ, ಕಸದ ಮೇಲ್‌ಗಳನ್ನು ತಡೆಯುವ ಸ್ಪ್ಯಾಮ್ ಫಿಲ್ಟರ್. ಅದು ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದು ಸಣ್ಣ ಉದ್ಯಮಿಗೆ ತಿಳಿದಿರಲೇಬೇಕು.

ಇಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಆಗಿನ ಜಾಲದಲ್ಲಿ ಇದ್ದವರು ಬಹುಪಾಲು ವಿಶ್ವವಿದ್ಯಾಲಯ, ಸಂಶೋಧನಾಲಯಗಳವರು. ಕಳಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಚೆ ಲಕೋಟೆಯ ಮೇಲೆ ‘ಇಂದ’ ಎಂದು ಬರೆದು ಯಾರ ವಿಳಾಸವನ್ನು ಬೇಕಾದರೂ ಗೀಚಬಹುದಲ್ಲ, ಇಮೇಲ್ ಕೂಡ ಹಾಗೆಯೇ. ಇಂದಿನ ಅನೇಕ ತೊಂದರೆಗಳಿಗೆ ಬೇರು ಅಲ್ಲಿದೆ.

ಮೊದಲು ಬಂದ ಫಿಲ್ಟರ್‌ಗಳು ಪದ ಹಿಡಿದು ತಡೆಯುತ್ತಿದ್ದವು. ‘ಲಾಟರಿ’ ಎಂದಿದ್ದರೆ ಹೊರಗೆ. ಇದನ್ನು ತಪ್ಪಿಸಿಕೊಳ್ಳುವುದು ಸುಲಭ, ಒಳ್ಳೆಯ ಪತ್ರ ಸಿಕ್ಕಿಬೀಳುವುದೂ ಅಷ್ಟೇ ಸುಲಭ. 2002ರಲ್ಲಿ ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಒಂದು ಪ್ರಬಂಧ, ಹದಿನೆಂಟನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಗಣಿತವನ್ನು ಈ ಕೆಲಸಕ್ಕೆ ಹಚ್ಚುವ ದಾರಿಯನ್ನು ಜನಪ್ರಿಯಗೊಳಿಸಿತು.

ಲೆಕ್ಕ ಸರಳ. ಒಂದು ಸಾವಿರ ಸ್ಪ್ಯಾಮ್ ಮೇಲ್‌ಗಳಲ್ಲಿ ‘ಲಾಟರಿ’ 200ರಲ್ಲಿದೆ, ಸಾವಿರ ಒಳ್ಳೆಯ ಮೇಲ್‌ಗಳಲ್ಲಿ ಕೇವಲ 2ರಲ್ಲಿದೆ ಎಂದುಕೊಳ್ಳಿ. ಆ ಪದವಿರುವ ಮೇಲ್ ಸ್ಪ್ಯಾಮ್ ಆಗಿರುವ ಸಂಭವ ಶೇ 99. ‘ಕೊಟೇಶನ್’ ಎಂಬ ಪದ ಸ್ಪ್ಯಾಮ್‌ನಲ್ಲಿ 30 ಕಡೆ, ಒಳ್ಳೆಯದರಲ್ಲಿ 300 ಕಡೆ ಇದ್ದರೆ, ಅದೊಂದೇ ಪದದ ಮೇಲೆ ಸಂಭವ ಶೇ 9ಕ್ಕೆ ಇಳಿಯುತ್ತದೆ. ಎರಡೂ ಪದ ಒಂದೇ ಮೇಲ್‌ನಲ್ಲಿ ಬಂದರೆ? ನೂರು ಪಟ್ಟು ಅನುಮಾನವನ್ನು ಹತ್ತರಿಂದ ಭಾಗಿಸಿದಂತಾಗಿ, ಶೇ 91ರ ಹತ್ತಿರ ಬಂದು ನಿಲ್ಲುತ್ತದೆ. ಗ್ರಹಾಂ ಪ್ರತಿ ಮೇಲ್‌ನ ಅತಿ ಗಮನಾರ್ಹವಾದ 15 ಪದಗಳನ್ನು ಹೀಗೆ ಗುಣಿಸಿ ನೋಡಿದರು. ಒಳ್ಳೆಯ ಪತ್ರ ಕಸಕ್ಕೆ ಹೋಗಬಾರದೆಂದು ಒಳ್ಳೆಯ ಮೇಲ್‌ಗಳ ಎಣಿಕೆಗೆ ಇಮ್ಮಡಿ ತೂಕ ಕೊಟ್ಟರು.

ಈ ಎಚ್ಚರಿಕೆ ವ್ಯಾಪಾರಿಗೆ ಬಹಳ ಮುಖ್ಯ. ಕಸದ ಮೇಲ್ ಒಂದು ಒಳಗೆ ಬಂದರೆ ಅರ್ಧ ನಿಮಿಷ ಹಾಳು, ಹೊಸ ಗಿರಾಕಿಯ ವಿಚಾರಣೆ ಸ್ಪ್ಯಾಮ್ ಫೋಲ್ಡರಿಗೆ ಹೋದರೆ ಆರ್ಡರೇ ಹೋಯಿತು. ಇಂದಿನ ಫಿಲ್ಟರ್‌ಗಳು ಇನ್ನೂ ಜಟಿಲ, ಆದರೂ ಅವು ನಮ್ಮಿಂದಲೂ ಕಲಿಯುತ್ತವೆ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ನೋಡಿ, ತಪ್ಪಾಗಿ ಹೋದದ್ದನ್ನು ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿದರೆ ಅದು ಯಂತ್ರಕ್ಕೆ ಕೊಟ್ಟ ಪಾಠ.

ಪದಗಳ ಲೆಕ್ಕ ಮೊದಲ ಪರೀಕ್ಷೆಯಾದರೆ, ಎರಡನೆಯದು ಕಳಿಸಿದವರ ಗುರುತಿನದು. ಇದಕ್ಕೆ ಮೂರು ಏರ್ಪಾಡುಗಳಿವೆ. ನಮ್ಮ ಡೊಮೇನಿನ ಹೆಸರಲ್ಲಿ ಮೇಲ್ ಕಳಿಸುವ ಅಧಿಕಾರ ಯಾವ ಸರ್ವರ್‌ಗಳಿಗಿದೆ ಎಂದು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಪಟ್ಟಿ ಎಸ್‌ಪಿಎಫ್. ಪ್ರತಿ ಮೇಲ್‌ಗೆ ಗಣಿತದ ಸಹಿ ಹಾಕುವುದು ಡಿಕಿಮ್. ಸಹಿ ಮಾಡಿದ ಭಾಗವನ್ನು ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ಹೊಂದುವುದಿಲ್ಲ. ಈ ಎರಡರಲ್ಲಿ ಒಂದಾದರೂ ಪಾಸಾಗಿ, ಅದರ ಡೊಮೇನು ಓದುಗನ ಕಣ್ಣಿಗೆ ಕಾಣುವ ವಿಳಾಸಕ್ಕೆ ತಾಳೆಯಾಗಬೇಕು, ಆಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಈ ಮೂರೂ ಇರಲೇಬೇಕೆಂದು ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿವೆ.

ವಿಸಿಟಿಂಗ್ ಕಾರ್ಡಿನಲ್ಲಿ ಜಿಮೇಲ್ ವಿಳಾಸ ಅಚ್ಚು ಹಾಕಿಸುವ ಅಂಗಡಿ, ವರ್ಕ್‌ಶಾಪುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಆ ಡೊಮೇನು ಗೂಗಲ್‌ನದು. ನಿಮ್ಮ ಅಂಗಡಿಯ ಹೆಸರಿಟ್ಟು ಇನ್ನೊಂದು ಜಿಮೇಲ್ ಖಾತೆಯನ್ನು ಯಾರು ಬೇಕಾದರೂ ತೆರೆಯಬಹುದು, ಗಿರಾಕಿಗೆ ವ್ಯತ್ಯಾಸ ತಿಳಿಯದು. ಸ್ವಂತ ಡೊಮೇನಿಗೆ ವರ್ಷಕ್ಕೆ ತಗಲುವುದು ಸಣ್ಣ ಮೊತ್ತ. ಅದನ್ನು ಮಾಡಿಕೊಡುವವರ ಹತ್ತಿರ ಈ ಮೂರನ್ನೂ ಹಾಕಿಸಿ. ಡಿಮಾರ್ಕನ್ನು ಮೊದಲು ವರದಿ ಮಾತ್ರ ಕಳಿಸುವಂತೆ ಇಟ್ಟು, ನಮ್ಮದೇ ಮೇಲ್‌ಗಳು ಸಿಕ್ಕಿಬೀಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತಿರಸ್ಕರಿಸುವ ಹಂತಕ್ಕೆ ಏರಿಸುವುದು ಕ್ಷೇಮ.

ಮೂರನೆಯ ಪರೀಕ್ಷೆ ಜೊತೆಗೆ ಬಂದ ಕಡತದ್ದು. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಐ ಲವ್ ಯೂ’ ಹುಳು ಪ್ರೇಮಪತ್ರದ ಹೆಸರಿನ ಕಡತವಾಗಿ ಬಂತು. ವಿಂಡೋಸ್ ಕಡತದ ಹೆಸರಿನ ಕೊನೆಯ ತುಣುಕನ್ನು ಮರೆಮಾಡುತ್ತಿದ್ದುದರಿಂದ ಬರೀ ಓದುವ ಪಠ್ಯದಂತೆ ಕಂಡಿತು, ಒಳಗಿದ್ದದ್ದು ಪ್ರೋಗ್ರಾಂ. ಅದೇ ತಂತ್ರ ಈಗ ಪರ್ಚೇಸ್ ಆರ್ಡರ್, ಜಿಎಸ್‌ಟಿ ನೋಟಿಸುಗಳ ವೇಷದಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ ಕಡತದ ಪೂರ್ಣ ಹೆಸರು ಕಾಣುವಂತೆ ಇಡಿ. ಟ್ಯಾಲಿ ಡೇಟಾದ ಒಂದು ನಕಲು ಯಾವಾಗಲೂ ಕಂಪ್ಯೂಟರಿನಿಂದ ಕಳಚಿಟ್ಟ ಡ್ರೈವಿನಲ್ಲಿರಲಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ, ಜೋಡಿಸಿಟ್ಟ ಡ್ರೈವನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ದಾಟಿ ಬರುವ ಮೇಲ್ ಒಂದಿದೆ. ವಂಚಕ ನಿಮಗೆ ಮಾಲು ಕೊಡುವವರ ಪಾಸ್‌ವರ್ಡ್ ಕದ್ದು, ಅವರ ನಿಜವಾದ ಖಾತೆಯಲ್ಲೇ ಸದ್ದಿಲ್ಲದೆ ಕೂತಿರುತ್ತಾನೆ. ಯಾವ ಬಿಲ್ಲು ಯಾವಾಗ ಬಾಕಿ ಎಂದು ಓದುತ್ತಾನೆ. ಪಾವತಿಯ ಹಿಂದಿನ ದಿನ, ನಡೆಯುತ್ತಿದ್ದ ಮಾತುಕತೆಗೇ ಉತ್ತರವಾಗಿ ಎರಡು ಸಾಲು ಬರೆಯುತ್ತಾನೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಸಂಖ್ಯೆ ಇದು. ಸರ್ವರ್ ನಿಜ, ಸಹಿ ನಿಜ, ಕಡತ ಸ್ವಚ್ಛ, ಪದಗಳೆಲ್ಲ ದಿನನಿತ್ಯದವು. ಇದನ್ನು ಫಿಲ್ಟರ್ ತಡೆದರೆ ಅದೃಷ್ಟ. ಅಮೆರಿಕದ ಎಫ್‌ಬಿಐಗೆ 2023 ಒಂದರಲ್ಲೇ ಬಂದ ಇಂಥ ವ್ಯವಹಾರ-ಇಮೇಲ್ ವಂಚನೆಯ ದೂರುಗಳಲ್ಲಿ ನಷ್ಟದ ಮೊತ್ತ ಸುಮಾರು 290 ಕೋಟಿ ಡಾಲರ್.

ನಮ್ಮ ಖಾತೆಯೂ ಹೀಗೆ ವಂಚಕನ ಕೈಸೇರದಂತೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಬೇಕು. ನಮ್ಮ ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ರವಾನಿಸುವ ನಿಯಮವನ್ನು ಯಾರಾದರೂ ಸೇರಿಸಿದ್ದಾರೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಆಗಾಗ ನೋಡಬೇಕು. ಪಾವತಿಯ ವಿಷಯದಲ್ಲಿ ಮಾತ್ರ ಯಂತ್ರವನ್ನು ನಂಬಬಾರದು. ಖಾತೆ ಸಂಖ್ಯೆ ಬದಲಾಗಿದೆ ಎಂದು ಬಂದರೆ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈದಾಟುತ್ತದೆ.

ಫೋನ್ ಮಾಡಿ ಕೇಳುವ ಈ ನಿಯಮ ನಿಲ್ಲುವುದು ಯಜಮಾನರ ಮೇಲೆ. ‘ಅರ್ಜೆಂಟ್, ಮೀಟಿಂಗ್‌ನಲ್ಲಿದ್ದೇನೆ, ಈಗಲೇ ಹಾಕಿ’ ಎಂದು ಅವರ ಹೆಸರಲ್ಲೇ ಮೇಲ್ ಬಂದಾಗ ಲೆಕ್ಕ ನೋಡುವವರು ಮರುಪ್ರಶ್ನೆ ಕೇಳಲು ಅಂಜುತ್ತಾರೆ. ವಂಚಕ ನಂಬಿಕೊಂಡಿರುವುದು ಆ ಅಂಜಿಕೆಯನ್ನೇ. ‘ನನ್ನ ಹೆಸರಲ್ಲೇ ಬಂದರೂ ಫೋನ್ ಮಾಡಿ ಕೇಳಿ, ಯಾವ ಹೊತ್ತಾದರೂ ಸರಿ, ಬೈಯುವುದಿಲ್ಲ’ ಎಂದು ಯಜಮಾನರು ಬಾಯಿಬಿಟ್ಟು ಹೇಳಬೇಕು. ಹಾಗೆ ಕೇಳಿದವರನ್ನು ಎಲ್ಲರೆದುರು ಮೆಚ್ಚಬೇಕು. ಇದಕ್ಕೆ ಖರ್ಚಿಲ್ಲ, ಸಾಫ್ಟ್‌ವೇರ್ ಬೇಡ, ಇವತ್ತೇ ಜಾರಿಗೆ ತರಬಹುದು.