ನಾಯಿಗೇಕೆ ಬಹುಮಾನ? ಶ್ವಾನ ಪ್ರದರ್ಶನದ ಹಿಂದುಮುಂದು

ಕೊಂಡಜ್ಜಿ ಎಂದರೆ ದಾವಣಗೆರೆ, ಹರಿಹರದ ಕಡೆಯವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕೆರೆ, ಗುಡ್ಡದ ಕಾಡು ಮತ್ತು ಸ್ಕೌಟ್ಸ್ ಶಿಬಿರ. ಬೇಸಿಗೆಯಲ್ಲಿ ಆ ಕಡೆ ಹೋದರೆ ಕುರಿ ಹಿಂಡುಗಳೂ ಕಾಣಸಿಗುತ್ತವೆ. ಹಿಂಡಿನ ಜೊತೆಗೆ ಒಂದೆರಡು ನಾಯಿಗಳು ಇದ್ದೇ ಇರುತ್ತವೆ. ಅವುಗಳ ತಳಿ ಯಾವುದೆಂದು ಯಾರೂ ಕೇಳುವುದಿಲ್ಲ. ರಾತ್ರಿ ರೊಪ್ಪದ ಸುತ್ತ ಎಚ್ಚರವಾಗಿದ್ದರೆ ಸಾಕು, ಅದು ಒಳ್ಳೆಯ ನಾಯಿ.

ಅಲ್ಲಿಯ ಹಿರಿಯ ಕುರಿಗಾರರೊಬ್ಬರ ಮುಂದೆ ಕೃಷಿ ಮೇಳದ ಶ್ವಾನ ಪ್ರದರ್ಶನದ ಮಾತೆತ್ತಿದಾಗ ಅವರು ನಕ್ಕುಬಿಟ್ಟರು. “ಎತ್ತಿಗೆ ಬಹುಮಾನ ಕೊಡೋದು ಸರಿ ಸಾಹೇಬ್ರೆ, ಅದು ಹೊಲ ಉಳುತ್ತೆ. ನಾಯಿಗ್ಯಾಕ್ರಿ ಬಹುಮಾನ? ಚೆಂದ ಐತಿ ಅಂತನಾ?” ಎಂದು ಕೇಳಿದರು.

ಅವರು ತಮಾಷೆಗೆ ಕೇಳಿದ್ದರೂ ಶ್ವಾನ ಪ್ರದರ್ಶನದ ಬಹುಕಾಲದ ಜಗಳವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ನಾಯಿಗೆ ಬಹುಮಾನ ಕೊಡುವುದು ಅದರ ಕೆಲಸಕ್ಕೋ, ಅದರ ಚೆಂದಕ್ಕೋ? ಇಂದು ಮುಧೋಳ ಮರಿ ಸಾಕಬೇಕೆಂದು ಆಸೆಪಡುವ ರೈತರು ನಮ್ಮಲ್ಲಿ ಹೆಚ್ಚುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ದನದ ಪ್ರದರ್ಶನದ ಮಗ್ಗುಲಲ್ಲಿ ಹುಟ್ಟಿದ್ದು

ಈಗಿನ ಮಾದರಿಯ ಮೊದಲ ಶ್ವಾನ ಪ್ರದರ್ಶನ ನಡೆದದ್ದು 1859ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ. ಅಲ್ಲಿ ಪ್ರತಿ ವರ್ಷ ನಡೆಯುತ್ತಿದ್ದ ದನಗಳ ಪ್ರದರ್ಶನಕ್ಕೆ ಜನರನ್ನು ಸೆಳೆಯಲು ಇದನ್ನೂ ಸೇರಿಸಿದರು. ನಮ್ಮ ದನದ ಜಾತ್ರೆಯಲ್ಲಿ ಟಗರಿನ ಕಾಳಗ ಸೇರಿಸಿದಂತೆ ಎನ್ನಬಹುದು. ಬಂದದ್ದು ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡೇ ಜಾತಿಯ ಬೇಟೆ ನಾಯಿಗಳು. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ವಾಸನೆಯಿಂದ ಪತ್ತೆಹಚ್ಚಿ ಒಡೆಯನಿಗೆ ತೋರಿಸುವುದು ಅವುಗಳ ಕೆಲಸ. ಆದ್ದರಿಂದ ಗೆದ್ದವರಿಗೆ ಬಹುಮಾನವಾಗಿ ಬಂದೂಕು ಕೊಟ್ಟರು.

ಆ ದಿನದ ತೀರ್ಪಿನಲ್ಲಿ ಒಂದು ಸ್ವಾರಸ್ಯವಿದೆ. ಪಾಯಿಂಟರ್ ನಾಯಿಗಳ ತೀರ್ಪುಗಾರನ ನಾಯಿ ಸೆಟ್ಟರ್ ವಿಭಾಗದಲ್ಲಿ ಗೆದ್ದಿತು. ಸೆಟ್ಟರ್ ತೀರ್ಪುಗಾರನ ನಾಯಿ ಪಾಯಿಂಟರ್ ವಿಭಾಗದಲ್ಲಿ ಗೆದ್ದಿತು! ಇಂಥ ಪ್ರದರ್ಶನಗಳಿಗೆ ನಿಯಮ, ವಂಶಾವಳಿ ಪುಸ್ತಕ, ಹೊರಗಿನ ತೀರ್ಪುಗಾರರು ಬೇಕೆಂಬುದು ಜನರಿಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಯಿತು. ಅಮೆರಿಕದ ನ್ಯೂಯಾರ್ಕಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನ 1877ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿದೆ.

ಬಿಸ್ಕತ್ತು ಮಾರುವವನು ಕಟ್ಟಿದ ಮೇಳ

ಎಲ್ಲಕ್ಕಿಂತ ಹೆಸರಾದದ್ದು ‘ಕ್ರಫ್ಟ್ಸ್’. ಇದನ್ನು ಕಟ್ಟಿದ ಚಾರ್ಲ್ಸ್ ಕ್ರಫ್ಟ್ ನಾಯಿ ಸಾಕಣೆದಾರನಲ್ಲ, ನಾಯಿ ಬಿಸ್ಕತ್ತು ತಯಾರಿಸುವ ಸ್ಪ್ರಾಟ್ ಕಂಪನಿಯ ನೌಕರ. ಬಿಸ್ಕತ್ತು ಮಾರಲು ಊರೂರು ಸುತ್ತಿ ನಾಯಿ ಸಾಕುವವರನ್ನೆಲ್ಲ ಪರಿಚಯ ಮಾಡಿಕೊಂಡಿದ್ದ. 1886ರಲ್ಲಿ ಟೆರಿಯರ್ ನಾಯಿಗಳದ್ದೇ ಒಂದು ಪ್ರದರ್ಶನ ನಡೆಸಿದ. 1891ರಲ್ಲಿ ತನ್ನ ಹೆಸರಿನಲ್ಲಿಯೇ ಎಲ್ಲ ತಳಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿದ. ಸುಮಾರು 2,000 ನಾಯಿಗಳು ಬಂದವು. ವಿಕ್ಟೋರಿಯಾ ರಾಣಿಯ ನಾಯಿಗಳೂ ಅವುಗಳಲ್ಲಿದ್ದವು. ಅದು ನಡೆದ ಸ್ಥಳದ ಹೆಸರು ಲಂಡನ್ನಿನ ‘ರಾಯಲ್ ಅಗ್ರಿಕಲ್ಚರಲ್ ಹಾಲ್’, ಅಂದರೆ ಕೃಷಿ ಪ್ರದರ್ಶನಕ್ಕೆಂದೇ ಕಟ್ಟಿದ ಭವನ!

ಮೊದಮೊದಲು ಪ್ರತಿ ತಳಿಗೆ ಬೇರೆ ಬೇರೆ ಬಹುಮಾನವಿತ್ತು. ಇಡೀ ಪ್ರದರ್ಶನಕ್ಕೆ ಒಂದೇ ನಾಯಿಯನ್ನು ಆರಿಸುವ ಪದ್ಧತಿ ಅಲ್ಲಿ ಬಂದದ್ದು 1928ರಲ್ಲಿ. ಆ ವರ್ಷ ಗೆದ್ದದ್ದು ಗ್ರೇಹೌಂಡ್ ತಳಿಯ ನಾಯಿ. ಕ್ರಫ್ಟ್ 1938ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಒಂದು ವರ್ಷ ನಡೆಸಿ, ಮುಂದೆ ಅದನ್ನು ಕೆನೆಲ್ ಕ್ಲಬ್ಬಿಗೆ ವಹಿಸಿಕೊಟ್ಟಳು. ಯುದ್ಧ ಮುಗಿದ ಬಳಿಕ 1948ರಲ್ಲಿ ಪ್ರದರ್ಶನ ಮತ್ತೆ ಶುರುವಾಯಿತು. 1954ರಲ್ಲಿ ವಿದ್ಯುತ್ ಕೆಲಸಗಾರರ ಮುಷ್ಕರದಿಂದ, 2021ರಲ್ಲಿ ಕೊರೊನಾದಿಂದ ನಿಂತಿತ್ತು. 1991ರಿಂದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೆಯುತ್ತಿದೆ. ಈಗ ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ನಡೆಯುವ ಈ ಮೇಳಕ್ಕೆ ಸುಮಾರು ಇಪ್ಪತ್ತು ಸಾವಿರ ನಾಯಿಗಳು ಬರುತ್ತವೆ.

ಅಲ್ಲಿಯ ಒಂದು ಹಳೆಯ ಸಂಪ್ರದಾಯ ನಮ್ಮವರಿಗೂ ಹಿಡಿಸುವಂಥದ್ದು. ಪ್ರತಿ ನಾಯಿಗೂ ಒಂದು ಕಟ್ಟೆ ಗೊತ್ತುಮಾಡಿರುತ್ತಾರೆ. ಅಂಗಳದಲ್ಲಿ ಅದರ ಸರದಿ ಐದೇ ನಿಮಿಷವಾದರೂ ದಿನವಿಡೀ ಅದು ತನ್ನ ಕಟ್ಟೆಯಲ್ಲಿರಬೇಕು. ಬಂದವರು ಹತ್ತಿರ ನಿಂತು ನೋಡಬಹುದು, ಸಾಕುವವರನ್ನು ಗುಣದೋಷ ಕೇಳಬಹುದು. ದನದ ಜಾತ್ರೆಯಲ್ಲಿ ಗೂಟಕ್ಕೆ ಕಟ್ಟಿದ ಜೋಡಿಯ ಮುಂದೆ ಕೂತು ಹಲ್ಲು, ಸುಳಿ ವಿಚಾರಿಸುವ ನಮ್ಮ ಪದ್ಧತಿಯೂ ಇದೇ ಅಲ್ಲವೆ?

ತೀರ್ಪಿನ ಕ್ರಮ ಹೀಗಿದೆ. ಮೊದಲು ಒಂದೊಂದು ತಳಿಯಲ್ಲಿ ಗಂಡು, ಹೆಣ್ಣು, ವಯಸ್ಸು ಎಂದು ವಿಂಗಡಿಸಿ ನೋಡುತ್ತಾರೆ. ತಳಿಯಲ್ಲಿ ಗೆದ್ದ ನಾಯಿ ತನ್ನ ಗುಂಪಿಗೆ ಹೋಗುತ್ತದೆ. ಬೇಟೆಯವು, ಹಿಂಡು ಕಾಯುವವು, ಮಡಿಲ ನಾಯಿಗಳು ಹೀಗೆ ಅಲ್ಲಿ ಏಳು ಗುಂಪುಗಳಿವೆ. ಏಳು ಗುಂಪಿನ ಏಳು ನಾಯಿಗಳಲ್ಲಿ ಕೊನೆಯ ಸಂಜೆ ಒಂದನ್ನು ಆರಿಸುತ್ತಾರೆ. ತೀರ್ಪುಗಾರನು ಒಂದು ನಾಯಿಯನ್ನು ಇನ್ನೊಂದಕ್ಕೆ ಹೋಲಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ತಳಿಗೂ ಬರೆದಿಟ್ಟ ಒಂದು ಲಕ್ಷಣಪಟ್ಟಿ ಇರುತ್ತದೆ. ಯಾವ ನಾಯಿ ಆ ಪಟ್ಟಿಗೆ ಹೆಚ್ಚು ಹತ್ತಿರವೋ ಅದು ಗೆಲ್ಲುತ್ತದೆ.

ಪಟ್ಟಿಯೇ ಮುಳುವಾದದ್ದು

ಪಟ್ಟಿಯಲ್ಲಿ ‘ಮೂತಿ ಗಿಡ್ಡ’ ಎಂದಿದ್ದರೆ, ಎಲ್ಲಕ್ಕಿಂತ ಗಿಡ್ಡ ಮೂತಿಯದ್ದು ಗೆಲ್ಲುತ್ತದೆ. ಅದರ ಮರಿಗೆ ಬೆಲೆ ಬರುತ್ತದೆ. ಮುಂದಿನ ವರ್ಷ ಅದಕ್ಕೂ ಗಿಡ್ಡ ಮೂತಿಯ ನಾಯಿ ಬರುತ್ತದೆ. ಹೀಗೆ ಐವತ್ತು ವರ್ಷ ನಡೆದರೆ ಉಸಿರಾಡಲು ಕಷ್ಟಪಡುವ ನಾಯಿ ಹುಟ್ಟುತ್ತದೆ. ಬುಲ್‌ಡಾಗ್ ತಳಿಯ ತಲೆ ದೊಡ್ಡದಾಗಿ, ಸೊಂಟ ಕಿರಿದಾಗಿ, ಎಷ್ಟೋ ಹೆಣ್ಣುಗಳು ಹೊಟ್ಟೆ ಕೊಯ್ಯದೆ ಮರಿ ಹಾಕಲಾರದ ಸ್ಥಿತಿಗೆ ಬಂದಿವೆ. ಜೊತೆಗೆ, ಗೆದ್ದ ಒಂದೇ ಗಂಡಿಗೆ ಎಲ್ಲರೂ ಹೆಣ್ಣು ತರುವುದರಿಂದ ರಕ್ತಸಂಬಂಧ ಹತ್ತಿರವಾಗಿ ವಂಶದ ರೋಗಗಳು ಹೆಚ್ಚುತ್ತವೆ.

2008ರಲ್ಲಿ ಬಿ.ಬಿ.ಸಿ. ಸಂಸ್ಥೆ ಈ ವಿಷಯವಾಗಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ದೊಡ್ಡ ಗದ್ದಲವೆದ್ದಿತು. ಮರುವರ್ಷದಿಂದ ಕ್ರಫ್ಟ್ಸ್ ಮೇಳವನ್ನು ಬಿ.ಬಿ.ಸಿ. ತೋರಿಸುವುದನ್ನೇ ನಿಲ್ಲಿಸಿತು. ಕೆನೆಲ್ ಕ್ಲಬ್ ಲಕ್ಷಣಪಟ್ಟಿಗಳನ್ನು ತಿದ್ದಿತು. 2012ರಲ್ಲಿ 15 ತಳಿಗಳಲ್ಲಿ ಗೆದ್ದ ನಾಯಿಗಳನ್ನು ಪಶುವೈದ್ಯರು ಪರೀಕ್ಷಿಸಿದ ನಂತರವೇ ಮುಂದಿನ ಸುತ್ತಿಗೆ ಬಿಡಬೇಕೆಂದು ಗೊತ್ತುಮಾಡಿದರು. ಮೊದಲ ವರ್ಷವೇ ಆ 15ರಲ್ಲಿ 6 ನಾಯಿಗಳು ಪರೀಕ್ಷೆಯಲ್ಲಿ ತಪ್ಪಿದವು. ತೀರ್ಪುಗಾರರು ಅತ್ಯುತ್ತಮವೆಂದು ಆರಿಸಿದ ನಾಯಿಗಳು ಇವು ಎಂಬುದನ್ನು ಮರೆಯಬಾರದು.

ಕನ್ನಡ ನಾಡಿನಲ್ಲಿ

ನಮ್ಮಲ್ಲಿ ನಾಯಿಗೆ ಸಂದ ಮರ್ಯಾದೆ ಇದಕ್ಕಿಂತ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲೇರ ಎಂಬ ವೀರನು ಬಹುಮಾನವಾಗಿ ಹೊನ್ನು ಕೇಳದೆ ‘ಕಾಳಿ’ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಈ ಬಹುಮಾನ ಕೆಲಸಕ್ಕೆ ಸಂದದ್ದು.

ಇನ್ನು ಮುಧೋಳ ನಾಯಿ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಬೇಡರು ಬೇಟೆಗೆ ಬಳಸುತ್ತಿದ್ದ ಈ ನಾಯಿಗಳನ್ನು ಆರಿಸಿ ಬೆಳೆಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ಹಬ್ಬಿತು. ಭಾರತ ಕೆನೆಲ್ ಕ್ಲಬ್ಬಿನ ಪುಸ್ತಕದಲ್ಲಿ ಇದೇ ತಳಿಗೆ ‘ಕಾರವಾನ್ ಹೌಂಡ್’ ಎಂದು ಹೆಸರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಈ ನಾಯಿಗಳು 2016ರಲ್ಲಿ ಸೇನೆಯ ಮೀರತ್ ಕೇಂದ್ರಕ್ಕೆ, 2021ರಲ್ಲಿ ವಿಮಾನದ ಹಾದಿಯಿಂದ ಹಕ್ಕಿಗಳನ್ನು ಓಡಿಸಲು ಆಗ್ರಾದ ವಾಯುನೆಲೆಗೆ ಹೋದವು.

ಇದರ ಲಕ್ಷಣಗಳೆಲ್ಲ ಓಟದಿಂದ ಬಂದವು. ಉದ್ದ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲು, ಗಿಡ್ಡ ನುಣುಪು ಕೂದಲು. ಗಂಡು 68ರಿಂದ 72, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರವಿರುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲದ ಬೇಟೆಯೂ ಅಪರಾಧ. ಕೊಂಡಜ್ಜಿಯ ಗುಡ್ಡದಲ್ಲಿ ನಾಯಿ ಬಿಟ್ಟು ಮೊಲ ಹಿಡಿಸಿದರೆ ಜೈಲು ಕಾಣಬೇಕಾದೀತು. ಹಳೆಯ ಕೆಲಸ ತಪ್ಪಿದ ನಾಯಿಗೆ ಈಗ ಬೆಲೆ ಕಟ್ಟುವ ಸ್ಥಳ ಪ್ರದರ್ಶನದ ಅಂಗಳವೇ ಆಗಿದೆ. ಅಪಾಯವೂ ಇಲ್ಲಿಯೇ ಇರುವುದು. ಎತ್ತರ ಹೆಚ್ಚಿಸಲು ಗ್ರೇಹೌಂಡ್ ಕೂಡಿಸಿ ಹುಟ್ಟಿದ ಮರಿಗೆ ಮುಧೋಳ ಎಂಬ ಹೆಸರಿಟ್ಟು ಮಾರಿದರೆ ಅಂಗಳದಲ್ಲಿ ನೋಡುವವರಿಗೆ ಗೊತ್ತಾಗುವುದು ಕಷ್ಟ. ಬಿಸಿಲು ತಡೆದು, ರೊಟ್ಟಿ ನುಚ್ಚು ತಿಂದು ಬಾಳುವ ನಮ್ಮ ನಾಯಿಯ ಗುಣ ಮಾತ್ರ ಹೋಗುತ್ತದೆ.

ಮರಿ ಕೊಳ್ಳುವಾಗ ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ ಕಣ್ಣಾರೆ ನೋಡಿರಿ. 2017ರ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣಿಗೆ ಗಂಡು ಕೂಡಿಸಬಾರದು. ವರ್ಷಕ್ಕೆ ಒಂದೇ ಸೂಲು ಪಡೆಯಬೇಕು. ಒಡಹುಟ್ಟಿದವನ್ನು, ತಂದೆ-ಮಗಳನ್ನು ಕೂಡಿಸುವುದು ಬೇಡ. ಇಡೀ ದಿನ ಸರಪಳಿಯಲ್ಲಿ ಕಟ್ಟಿಹಾಕುವ ಮನೆಗೆ ಈ ನಾಯಿ ತಕ್ಕದ್ದಲ್ಲ.

ಕೊಂಡಜ್ಜಿಯಿಂದ ಮೇಳಕ್ಕೆ ಹೊರಟರೆ

ಧಾರವಾಡದ ಕೃಷಿ ಮೇಳದಲ್ಲಿ ಶ್ವಾನ ಪ್ರದರ್ಶನ ರೂಢಿಯಾಗಿದೆ. ಮೈಸೂರಿನ ದಸರೆಯಲ್ಲಿ ಸಾಕುಪ್ರಾಣಿಗಳ ಪ್ರದರ್ಶನವಿರುತ್ತದೆ. ಊಟಿಯಲ್ಲಿ ಮೇ ತಿಂಗಳಿನಲ್ಲಿ ದೊಡ್ಡ ಪ್ರದರ್ಶನ ನಡೆಯುತ್ತದೆ. ಕ್ಲಬ್ಬುಗಳ ಪ್ರದರ್ಶನಕ್ಕೆ ವಂಶಾವಳಿಯ ನೋಂದಣಿ ಪತ್ರ ಬೇಕಾಗುತ್ತದೆ. ಮೇಳಗಳಲ್ಲಿ ಅಷ್ಟು ಕಟ್ಟುನಿಟ್ಟು ಸಾಮಾನ್ಯವಾಗಿ ಇರುವುದಿಲ್ಲ, ಲಸಿಕೆಯ ಚೀಟಿ ಮಾತ್ರ ಮರೆಯದೆ ಒಯ್ಯಬೇಕು. ಹುಚ್ಚುನಾಯಿ ರೋಗದ ಲಸಿಕೆ ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸತಕ್ಕದ್ದು. ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟು ವಾರದ ವಯಸ್ಸಿನಲ್ಲಿಯೇ ಶುರುವಾಗಬೇಕು. ಮೇಳದ ಹಿಂದಿನ ದಿನ ಚುಚ್ಚಿಸಿದರೆ ಪ್ರಯೋಜನವಿಲ್ಲ. ಮೈಯಲ್ಲಿ ಶಕ್ತಿ ಬರಲು ಎರಡು ವಾರವಾದರೂ ಬೇಕು.

ತೀರ್ಪುಗಾರರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈ ತಡವುತ್ತಾರೆ, ಗಂಡಾದರೆ ಎರಡೂ ಬೀಜ ಇಳಿದಿವೆಯೇ ಎಂದು ಪರೀಕ್ಷಿಸುತ್ತಾರೆ, ನಡೆಸಿ ಓಡಿಸಿ ನೋಡುತ್ತಾರೆ. ಹೊರಗಿನವರು ಮುಟ್ಟಿದರೆ ಕಚ್ಚಲು ಬರುವ ನಾಯಿಯನ್ನು ಹೊರಗೆ ಕಳಿಸುತ್ತಾರೆ. ಆದ್ದರಿಂದ ಒಂದು ತಿಂಗಳು ಮುಂಚಿನಿಂದ ಹಗ್ಗ ಹಿಡಿದು ಎಡಗಡೆ ನಡೆಯುವುದನ್ನು, ಅಕ್ಕಪಕ್ಕದವರು ಮುಟ್ಟಿದರೆ ಸುಮ್ಮನಿರುವುದನ್ನು ಕಲಿಸಿರಿ. ಹೊಟ್ಟೆ ತುಂಬ ತಿನ್ನಿಸಿ ಅಂಗಳಕ್ಕೆ ಇಳಿಸಬೇಡಿ.

ಕುರಿಗಾರರಿಗೆ ಇನ್ನೊಂದು ಮಾತು. ಕುರಿ ಕೊಯ್ದಾಗ ಹಸಿ ಶ್ವಾಸಕೋಶ, ಈಲಿ, ತಲೆಯನ್ನು ನಾಯಿಗೆ ಹಾಕಬೇಡಿ. ಅದರಲ್ಲಿರುವ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಹುಲ್ಲಿಗೆ ಬಿದ್ದು ಮತ್ತೆ ಕುರಿಗೇ ಸೇರುತ್ತದೆ. ಮಿದುಳಿಗೆ ಸೇರಿದರೆ ಕುರಿ ಗಿರಗಿರನೆ ಸುತ್ತಿ ಸಾಯುತ್ತದೆ. ಇನ್ನೊಂದು ಜಾತಿಯ ಹುಳು ಮನುಷ್ಯನ ಈಲಿಯಲ್ಲೂ ಗುಳ್ಳೆ ಕಟ್ಟುತ್ತದೆ. ಪ್ರದರ್ಶನಕ್ಕೆ ಹೋಗಲಿ ಬಿಡಲಿ, ಹಿಂಡಿನ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಹಾಕಿಸಬೇಕು.

ಆ ಹಿರಿಯರ ಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟು. ನಮ್ಮ ಮೇಳಗಳಲ್ಲಿ ಹಿಂಡು ಕಾಯುವ ನಾಟಿ ನಾಯಿಗಳಿಗೂ ಒಂದು ವಿಭಾಗವಿರಬೇಕು. ಅದರಲ್ಲಿ ಕಿವಿ ಬಾಲ ಅಳೆಯುವುದಕ್ಕಿಂತ ಕರೆದರೆ ಬರುವುದೇ, ಕುರಿಮರಿಯ ಮೈಮೇಲೆ ಬೀಳದೆ ನಿಲ್ಲುವುದೇ, ಹೊಸಬರು ಬಂದರೆ ಎಚ್ಚರಿಸುವುದೇ ಎಂದು ನೋಡಬೇಕು. ಏರ್ಪಾಟು ಮಾಡುವವರನ್ನು ರೈತರೇ ಮುಂಚಿತವಾಗಿ ಕೇಳಿದರೆ ಇದು ಆಗದ ಕೆಲಸವಲ್ಲ.

ಮೇಳದಿಂದ ಮರಳಿದ ನಾಯಿಯನ್ನು ಎರಡು ವಾರ ಊರಿನ ಇತರ ನಾಯಿಗಳಿಂದ, ಅದರಲ್ಲೂ ಮರಿಗಳಿಂದ ದೂರವಿಡಿ. ನೂರಾರು ನಾಯಿ ಸೇರಿದ ಕಡೆ ರೋಗ ಅಂಟುವುದು ಸುಲಭ. ವಾಂತಿ ಅಥವಾ ರಕ್ತಭೇದಿ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಅಂದೇ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು.